ಪುರಾಣದ ಮುಂದೆ ಅವ್ವ ಇಟ್ಟ ಎಲೆ

ನಮ್ಮೂರಿನಲ್ಲಿ ನಮ್ಮ ಅವ್ವನನ್ನು ಜನ ಮರ್ಯಾದೆ ಕೊಟ್ಟು ಮಾತಾಡಿಸುತ್ತಿದ್ದುದು ವರ್ಷಕ್ಕೆ ಒಂದೇ ತಿಂಗಳು. ಅದು ಶ್ರಾವಣ. ಯಲಬುರ್ಗಾದಿಂದ ಬೇವೂರಿನ ಕಡೆ ಹೋಗುವ ಹಾದಿಯ ಊರು ನಮ್ಮದು. ಶ್ರಾವಣ ಹಿಡಿಯಿತೆಂದರೆ ಗುಡಿಯಲ್ಲಿ ಪುರಾಣ ಹಚ್ಚುತ್ತಿದ್ದರು. ಸಂಜೆ ಪುರಾಣ ನಡೆಯುವಷ್ಟು ಹೊತ್ತು ಗುಡಿಯ ಕಟ್ಟೆಯ ಮೇಲೆ ಯಾರೂ ಯಾರನ್ನೂ ಬಯ್ಯುವಂತಿಲ್ಲ, ‘ಲೇ’ ಅನ್ನುವಂತಿಲ್ಲ. ಹಿರಿಯರು ಹಾಕಿದ ಕಟ್ಟು ಅದು. ಮುಂಜಾನೆ ಹೊಲದಲ್ಲಿ ‘ಏನಬೇ, ಕೈ ಸೆಟಕೊಂಡಾವೇನು? ಲಗೂನ ಕಸ ತಗಿ’ ಎಂದು ಗದರಿದವರೇ ಸಂಜೆ ಗುಡಿಯಲ್ಲಿ ‘ಬರ್ರಿ ಅವ್ವಾರ, ಕುಂದರ್ರಿ’ ಅನ್ನಬೇಕಾಗುತ್ತಿತ್ತು. ಅವ್ವ ಹೊಲದಿಂದ ಬಂದವಳೇ ಕೈಕಾಲು ತೊಳೆದು, ಇದ್ದೊಂದು ಇಳಕಲ್ಲ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಡುತ್ತಿದ್ದಳು. ಆಕೆ ಪುರಾಣ ಕೇಳಲು ಹೋಗುತ್ತಿದ್ದಳೋ ಆ ‘ಬರ್ರಿ’ ಕೇಳಲು ಹೋಗುತ್ತಿದ್ದಳೋ ನನಗೆ ಇವತ್ತಿಗೂ ಅನುಮಾನವಿದೆ. ಎರಡೂ ಇರಬೇಕು.

ನಾನಾಗ ಕೊಪ್ಪಳದ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಶ್ರಾವಣದ ಶನಿವಾರಗಳಂದು ಬಸ್ಸು ಹತ್ತಿ ಊರಿಗೆ ಬಂದು, ಅವ್ವನ ಜೊತೆ ಗುಡಿಗೆ ಹೋಗುತ್ತಿದ್ದೆ.

ಪುರಾಣ ಹೇಳುವ ಶಾಸ್ತ್ರಿಗಳನ್ನು ಗಂಗಾವತಿ ಕಡೆಯಿಂದ ಕರೆಸುತ್ತಿದ್ದರು. ಮೆತ್ತಗೆ ಮಾತಾಡುವ ಮನುಷ್ಯ. ಕೇಳುವವರಿಗೆ ಏನಾದರೂ ಸಂಶಯ ಬಂದರೆ, ಪುಸ್ತಕ ಇಟ್ಟ ಪೀಠದ ಮುಂದೆ ಒಂದು ವೀಳ್ಯದೆಲೆ, ಮೇಲೊಂದು ಅಡಿಕೆ ಇಡಬೇಕು. ಎಲೆ ಇಟ್ಟವರು ಯಾರೇ ಆಗಲಿ, ಶಾಸ್ತ್ರಿಗಳು ಅದನ್ನು ಕಣ್ಣಿಗೆ ಒತ್ತಿಕೊಂಡು ಉತ್ತರ ಹೇಳಿಯೇ ಮುಂದಿನ ಪದ್ಯಕ್ಕೆ ಹೋಗಬೇಕು. ಮಾತಿಗೆ ಯಾರೇ ಆಗಲಿ ಅಂತಿತ್ತು. ನಾನು ಕಂಡಂತೆ ಎಲೆ ಇಡುತ್ತಿದ್ದವರು ಹೊಲಮನೆ ಇದ್ದವರು, ಅಂಗಡಿ ಇದ್ದವರು. ಅವರ ಸಂಶಯಗಳೋ! ಪ್ಲಾಸ್ಟಿಕ್ ಕೊಡದಲ್ಲಿ ತಂದ ನೀರು ಶಿವನ ಪೂಜೆಗೆ ನಡೆಯುತ್ತದೋ ಇಲ್ಲವೋ ಅಂತ ಒಂದು ಸಂಜೆಯೆಲ್ಲ ಚರ್ಚೆಯಾಗಿತ್ತು. ನಾನು ನಗುತ್ತಿದ್ದೆ. ಅವ್ವ ನಗುತ್ತಿರಲಿಲ್ಲ, ಎಲೆಯನ್ನೇ ನೋಡುತ್ತಿದ್ದಳು. ಆಕೆಯ ಹತ್ತಿರವೂ ಒಂದು ಸಂಶಯವಿತ್ತು.

ನನಗೊಬ್ಬ ತಮ್ಮ ಹುಟ್ಟಿದ್ದ. ಆಗ ನಾನಿನ್ನೂ ಊರ ಸಾಲಿಗೆ ಹೋಗುತ್ತಿದ್ದೆ. ನಮ್ಮ ಕಡೆ ತೊಟ್ಟಿಲು ತರುವವರು ತವರಿನವರು; ಅವರು ತೊಟ್ಟಿಲು ತಂದ ದಿನವೇ ಕೂಸಿಗೆ ಹೆಸರು. ಅವ್ವನ ತವರು ಕುಷ್ಟಗಿಯ ಆಚೆ. ಹೊಲದ ಬಿತ್ತಿಗೆ ಮುಗಿಯಲಿ, ಬರುತ್ತೇವೆ ಅಂತ ಹೇಳಿ ಕಳಿಸಿದ್ದರು. ಇತ್ತ ಅವ್ವ ಬಾಣಂತನದ ಹಸಿ ಮೈಯಲ್ಲೇ ಹೊಲದ ಕೂಲಿಗೆ ಹೋಗತೊಡಗಿದ್ದಳು. ಹೋಗದಿದ್ದರೆ ಒಲೆ ಹೊತ್ತುವಂತಿರಲಿಲ್ಲ. ಕೂಸನ್ನು ನಮ್ಮಜ್ಜಿ ನೋಡಿಕೊಳ್ಳುತ್ತಿದ್ದಳು. ಒಂದು ಮುಂಜಾನೆ ಕೂಸಿನ ಮೈ ಬೆಚ್ಚಗಿತ್ತು. ಮಧ್ಯಾಹ್ನಕ್ಕೆ ಸುಡತೊಡಗಿತು. ಹೊಲಕ್ಕೆ ಹೇಳಿ ಕಳಿಸಿ, ಅವ್ವ ಓಡಿ ಬರುವುದರೊಳಗೆ ತಣ್ಣಗಾಗಿತ್ತು. ಹೆಸರಿಡದ ಕೂಸಿಗೆ ದಿನ, ತಿಥಿ ಮಾಡುವ ಪದ್ಧತಿ ಇಲ್ಲ ಅಂದರು ಹಿರಿಯರು. ಬದುವಿನ ಬದಿಗೆ ಮಣ್ಣು ಮಾಡಿ ಬಂದರು. ಮುಂದೆ ಬಿತ್ತಿಗೆ ಮುಗಿಯಿತು, ತೊಟ್ಟಿಲು ಬರಲಿಲ್ಲ.

ಅವ್ವ ಮತ್ತೆ ಆ ಮಾತು ಎತ್ತಲಿಲ್ಲ. ಮರೆತಿದ್ದಾಳೆ ಅಂತ ನಾವೆಲ್ಲ ನಂಬಿದ್ದೆವು.

ಆ ಶನಿವಾರ ಶಾಸ್ತ್ರಿಗಳು ಶಿವ ತನ್ನ ಭಕ್ತರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುವ ಭಾಗ ಹೇಳುತ್ತಿದ್ದರು. ನನ್ನ ಬದಿಗಿದ್ದ ಅವ್ವ ಎದ್ದಳು. ಸೆರಗಿನ ಗಂಟಿನಿಂದ ಎಲೆ, ಅಡಿಕೆ ತೆಗೆದಳು. ಯಾವಾಗ ತಂದು ಕಟ್ಟಿಕೊಂಡಿದ್ದಳೋ! ಪೀಠದ ಮುಂದೆ ಇಟ್ಟು, ಕೈಮುಗಿದು ಕೇಳಿದಳು:

“ಹೆಸರಿಡದ ಕೂಸು ಹೋದ್ರ, ಅಲ್ಲಿ ಅದನ್ನ ಏನಂತ ಕರೀತಾರ್ರಿ?”

ಶಾಸ್ತ್ರಿಗಳು ಎಲೆಗೆ ಕೈ ಚಾಚಿದರು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಲೋಡಿಗೆ ಒರಗಿ ಕುಳಿತಿದ್ದ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು. ಯಲಬುರ್ಗಾದಲ್ಲಿ ಕಾಳಿನ ವ್ಯಾಪಾರ ಅವರದು, ಪುರಾಣದ ಖರ್ಚೂ ಅವರದೇ. ಅವ್ವ ಅವರ ಹೊಲಕ್ಕೂ ಕೂಲಿಗೆ ಹೋಗುತ್ತಿದ್ದಳು. ಬಹಳ ಮೃದುವಾಗಿ, ನಗುತ್ತಾ ಅಂದರು:

“ಅವ್ವಾರ, ಸಿಟ್ಟಾಗಬ್ಯಾಡ್ರಿ ಮತ್ತ. ಕೂಲಿಯವ್ರ ಮನ್ಯಾಗ ಕೂಸು ಬರ್ತಾವ, ಹೋಗ್ತಾವ. ಎಲ್ಲಾದಕ್ಕೂ ಹೆಸರು ಹುಡುಕ್ಕೋತ ಕುಂತ್ರ, ದೇವರಿಗೆ ಬ್ಯಾರೆ ಉದ್ಯೋಗ ಇಲ್ಲೇನ್ರಿ?”

ಜನ ನಕ್ಕರು. ಎಲ್ಲರೂ ಅಲ್ಲ, ಆದರೆ ಸಾಕಷ್ಟು ಜನ. ಮುಂದಿನ ಸಾಲಿನ ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಶಾಸ್ತ್ರಿಗಳ ಕೈ ಎಲೆಯ ಹತ್ತಿರವೇ ನಿಂತಿತು.

ಅವ್ವ ಆ ಹಿರಿಯರ ಕಡೆ ತಿರುಗಿದಳು. ಆಮೇಲೆ ಆಕೆಯ ಬಾಯಿಂದ ಬಂತು: “ನಿನ್ನ ಬಾಯಾಗ ಮಣ್ಣು ಬೀಳ್ಲೋ, ಭಾಡ್ಯಾ!”

ಆಗ ನೋಡಬೇಕಿತ್ತು ಗುಡಿಯನ್ನು. ಕೂಸಿನ ಮಾತಿಗೆ ಕೂತವರು ಕೂತಂತೆಯೇ ಇದ್ದ ಜನ ಈಗ ಧಡಧಡ ಎದ್ದು ನಿಂತರು. ಪುರಾಣ ಮೈಲಿಗೆ ಆಯಿತು ಅಂದರು. ಇಂಥವರನ್ನು ಕಟ್ಟೆ ಹತ್ತಿಸಿದ್ದೇ ತಪ್ಪು ಅಂದರು. ಕಾಳಿನ ವ್ಯಾಪಾರಿ ಮಾತ್ರ ಕೈಯೆತ್ತಿ, “ಇರ್ಲಿ ಬಿಡ್ರಿ, ಪಾಪ, ತಿಳಿವಳಿಕಿ ಇಲ್ಲ” ಅಂದರು. ಅವರ ಆ ದೊಡ್ಡತನಕ್ಕೆ ಜನ ತಲೆದೂಗಿದರು. ಆ ತಲೆಗಳನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಸಭೆಯ ಕಟ್ಟು ಮುರಿದವರು ತೆಂಗಿನಕಾಯಿ ಒಡೆಸಿ, ಸಭೆಗೆ ಅಡ್ಡ ಬೀಳಬೇಕು. ಅದೂ ಹಿರಿಯರು ಹಾಕಿದ್ದೇ. ನಾನು ಎದ್ದು ನಿಂತು, “ಮೊದಲ ಅವ್ರಿಗೆ ಬೀಳಾಕ ಹೇಳ್ರಿ” ಅಂತ ಕೂಗಿದೆ. ಅವ್ವ ನನ್ನ ಕೈ ಹಿಡಿದು ಜಗ್ಗಿ ಕೂರಿಸಿದಳು. ಮುಖ ನನ್ನ ಕಿವಿಯ ಹತ್ತಿರ ತಂದು, “ಸುಮ್ಕಿರು. ಬೀಳ್ತೀನಿ. ನನಗ ಉತ್ರ ಬೇಕು” ಅಂದಳು.

ಯಾರೋ ಕಾಯಿ ತಂದುಕೊಟ್ಟರು. ಅವ್ವ ಇಳಕಲ್ಲ ಸೀರೆಯ ಸೆರಗು ಸರಿ ಮಾಡಿಕೊಂಡು, ಕಲ್ಲು ಹಾಸಿನ ಮೇಲೆ ಉದ್ದಕ್ಕೆ ಬಿದ್ದಳು. “ತಪ್ಪಾತ್ರಿ” ಅಂದಳು. ಒಮ್ಮೆ ಅಂದದ್ದು ಕೇಳಿಸಲಿಲ್ಲ ಅಂತ ಹಿಂದಿನವರು ಕೂಗಿದ್ದಕ್ಕೆ ಇನ್ನೊಮ್ಮೆ ಗಟ್ಟಿಯಾಗಿ ಅಂದಳು. ಎದ್ದಾಗ ಹಣೆಯ ವಿಭೂತಿಯಲ್ಲಿ ಅರ್ಧ ನೆಲಕ್ಕೆ ಹತ್ತಿತ್ತು.

ಶಾಸ್ತ್ರಿಗಳಿಗೆ ಸಮಾಧಾನವಾಯಿತು. “ಈಗ ಕೇಳ್ರಿ ಅವ್ವಾರ, ನಿಮ್ಮ ಸಂಶೆ ಏನಿತ್ತು? ಶಾಂತ ರೀತಿಯಿಂದ ಕೇಳ್ರಿ” ಅಂದರು. ವ್ಯಾಪಾರಿಯೂ, “ಕೇಳ್ರಿ ಕೇಳ್ರಿ, ನಾವೇನು ಮನಸ್ಸಿನಾಗ ಇಟ್ಕೊಂಡಿಲ್ಲ” ಅಂದರು. ಹೆಂಗಸರ ಸೆರಗುಗಳು ಇನ್ನೂ ಬಾಯಿಂದ ಇಳಿದಿರಲಿಲ್ಲ.

ಅವ್ವ ಅವರನ್ನೆಲ್ಲ ಒಂದು ಸುತ್ತು ನೋಡಿದಳು. ಅಡ್ಡ ಬೀಳಲು ಆಕೆಯಿಂದ ಆಯಿತು. ಆ ನಗುವಿನ ನಡುವೆ ಕೂಸನ್ನು ಇನ್ನೊಮ್ಮೆ ತಂದು ಮಲಗಿಸಲು ಆಗಲಿಲ್ಲ.

“ಏನಿಲ್ರಿ” ಅಂದಳು. ಬಗ್ಗಿ, ತಾನಿಟ್ಟ ಎಲೆ ತಾನೇ ಎತ್ತಿಕೊಂಡಳು. ಇಟ್ಟ ಎಲೆಯನ್ನು ವಾಪಸು ತೆಗೆದುಕೊಂಡವರನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ದಾರಿಯಲ್ಲಿ ಅದನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು. ನಾನು ನೋಡಿದ್ದು ಕಂಡು, “ಛಲೋ ಎಲಿ ಐತಿ, ಯಾಕ ಕೆಡಸೂದು” ಅಂದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಅಗಿಯುತ್ತಲೇ ಇತ್ತು.

ಮರುದಿನದಿಂದ ಗುಡಿಯಲ್ಲಿ ಎಲ್ಲ ಮೊದಲಿನಂತೆಯೇ ‘ಬರ್ರಿ, ಹೋಗ್ರಿ’ ನಡೆಯಿತು. ಅವ್ವ ಹೋಗಲಿಲ್ಲ. ಮುಂದಿನ ಶ್ರಾವಣಗಳಿಗೂ ಹೋಗಲಿಲ್ಲ.

ಈಗ ಧರ್ಮದ ಚರ್ಚೆ ಫೋನಿನೊಳಗೆ ನಡೆಯುತ್ತದೆ. ಅಲ್ಲಿಯೂ ಒಬ್ಬರು ಕೈಮುಗಿದ ಚಿತ್ರ ಹಾಕಿ ಇನ್ನೊಬ್ಬರ ಹೊಟ್ಟೆಪಾಡನ್ನು ಆಡಿಕೊಳ್ಳುತ್ತಾರೆ. ಅನ್ನಿಸಿಕೊಂಡವರು ಉರಿದು ಒಂದು ಬಿರುಸು ಮಾತು ಬರೆದರೋ, ‘ದಯವಿಟ್ಟು ಸಭ್ಯ ಭಾಷೆ ಇರಲಿ’ ಎಂದು ಹತ್ತು ಜನ ಏಳುತ್ತಾರೆ. ಮೊದಲಿನ ಮಾತು ಬಂದಾಗ ಇವರೆಲ್ಲ ಎಲ್ಲಿದ್ದರು ಅಂತ ನಾನು ಕೇಳುವುದಿಲ್ಲ. ಸೆರಗು ಅಡ್ಡ ಹಿಡಿದು ಕೂತಿರುತ್ತಾರೆ, ಇನ್ನೆಲ್ಲಿ?

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ಕುಷ್ಟಗಿಯಲ್ಲಿ ಟೀಚರ್ ಆಗಿದ್ದೆ. ಅವ್ವ ಜಡ್ಡಾಗಿ ನನ್ನ ಮನೆಯಲ್ಲಿಯೇ ಮಲಗಿದ್ದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಚಮಚ ಸರಿಸಿ ಅಂದಳು:

“ನೀ ಸಾಲಿ ಕಲತಾಕಿ, ನೀನರ ಹೇಳು. ನಾ ಅಲ್ಲಿ ಹೋಗಿ ಏನಂತ ಕರೀಲಿ? ಕೂಸ ಅಂದ್ರ ಎಲ್ಲಾ ಕೂಸೂ ಹೊಳ್ಳಿ ನೋಡ್ತಾವ.”

ಏನಾದರೂ ಹೇಳಬೇಕಲ್ಲ ಅಂತ, “ನಿನ್ನ ದನಿ ಗುರ್ತು ಹಿಡೀತೈತಿ ಬಿಡಬೇ” ಅಂದೆ.

ಅವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು.

“ಹಗಲೆಲ್ಲಾ ಹೊಲದಾಗ ಇದ್ದೆನಲ್ಲಬೇ ನಾನು” ಅಂದಳು. “ನನ್ನ ದನಿ ಅದು ಎಷ್ಟು ಕೇಳಿತ್ತು?”