ಮೀನಿನ ತೊಟ್ಟಿ ಉಜ್ಜಿದವನ ತಪ್ಪೊಪ್ಪಿಗೆ

ಈ ವರ್ಷ ನಾನು ಮೂರು ಕೊಲೆ ಮಾಡಿದ್ದೇನೆ.

ಗಾಬರಿಯಾಗಬೇಡಿ. ಸತ್ತದ್ದು ಮೀನುಗಳು. ಆಯುಧ, ಪಾತ್ರೆ ಉಜ್ಜುವ ಸ್ಕ್ರಬ್ಬರ್. ಕಾರಣ, ಶುಚಿತ್ವ. (ಈ ಕಾರಣಕ್ಕೆ ನಮ್ಮಲ್ಲಿ ಯಾರಿಗೂ ಶಿಕ್ಷೆಯಾಗುವುದಿಲ್ಲ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.)

ನನ್ನ ಹೆಂಡತಿ ಸುಮಿತ್ರಾಗೆ ಬಿ.ಪಿ. ಏರಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಉಪ್ಪು ಕಡಿಮೆ ಮಾಡಿ, ದಿನಾ ಅರ್ಧ ಗಂಟೆ ಸುಮ್ಮನೆ ಕೂತು ಮನಸ್ಸಿಗೆ ಹಿತವಾದದ್ದೇನಾದರೂ ನೋಡಿ ಅಂದರು. ಅವಳು ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ, ಮೀನು ಸಾಕೋಣ ಅಂದಳು.

ಸರಿ, ಮೈಸೂರಿನಿಂದ ಗಾಜಿನ ತೊಟ್ಟಿ, ಮರಳು, ಲೈಟು, ಗುಳುಗುಳು ಅನ್ನುವ ಫಿಲ್ಟರು, ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಗೋಲ್ಡ್ ಫಿಶ್ ಬಂದು ಹುಣಸೂರಿನ ನಮ್ಮ ಹಾಲ್ ಸೇರಿದವು. ಸಂಜೆ ಅಡುಗೆಗೆ ಮೊದಲು ಸುಮಿತ್ರಾ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂರುವಳು. ಗಾಜಿನ ಮೇಲೆ ಬೆರಳಾಡಿಸಿದರೆ ಒಂದು ಮೀನು ಬೆರಳು ಹೋದ ಕಡೆಯೆಲ್ಲ ಹಿಂದೆಯೇ ಬರುತ್ತಿತ್ತು. ಅದಕ್ಕೆ ಪುಟ್ಟಿ ಅಂತ ಹೆಸರಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಅವಳ ಬೆರಳ ಹಿಂದೆ ಹಾಗೆ ಹೋದದ್ದು ನೆನಪಿಲ್ಲ.

ಎರಡನೇ ವಾರ ಗಾಜಿನ ಮೇಲೆ ಕಂದು ಬಣ್ಣ ಕಟ್ಟಲು ಶುರುವಾಯಿತು. ಮೊದಲು ಮೂಲೆಯಲ್ಲಿ, ಆಮೇಲೆ ಮರಳಿನ ಮೇಲೆ, ಕೊನೆಗೆ ಎಲ್ಲೆಲ್ಲೂ. ಮುಟ್ಟಿದರೆ ಪುಡಿಪುಡಿ. ಥೇಟ್ ಸೊಪ್ಪು ಹದ ಮಾಡುವ ಬ್ಯಾರನ್ ಮನೆಯಿಂದ ಇಳಿಸಿದ ಹೊಗೆಸೊಪ್ಪಿನ ಬಣ್ಣ. ಆ ಬಣ್ಣ ಬರಿಸುವುದಕ್ಕೆ ನಮ್ಮ ಕಡೆ ರೈತರು ಹಗಲೂ ರಾತ್ರಿ ಸೌದೆ ಉರಿಸುತ್ತಾರೆ. ನನಗೆ ಪುಕ್ಕಟೆ ಬಂದದ್ದಕ್ಕೆ ಸಿಟ್ಟು ಬಂತು.

ನಮ್ಮದು ಉಜ್ಜುವ ವಂಶ ಕಣ್ರೀ. ದೇವರ ಮನೆಯ ಹಿತ್ತಾಳೆ ಗಣಪತಿಯನ್ನು ನಮ್ಮಜ್ಜಿ, ನಮ್ಮಮ್ಮ, ಈಗ ನಾನು, ಗುರುವಾರ ಬಂದರೆ ಹುಣಸೆಹಣ್ಣು ಹಾಕಿ ತಿಕ್ಕುತ್ತಲೇ ಬಂದಿದ್ದೇವೆ. ಈಗ ಅವನಿಗೆ ಕಣ್ಣಿಲ್ಲ. ಸೊಂಡಿಲು ಎಡಕ್ಕಿತ್ತೋ ಬಲಕ್ಕಿತ್ತೋ ಹೇಳುವವರಿಲ್ಲ. ಆದರೆ ಹೊಳೆಯುತ್ತಾನೆ!

ಅಂಥ ಮನೆಯಲ್ಲಿ ಕಂದು ಗಾಜೇ? ಭಾನುವಾರ ಮೀನುಗಳನ್ನು ಬಕೆಟ್ಟಿಗೆ ಹಾಕಿ, ನೀರನ್ನೆಲ್ಲ ಚೆಲ್ಲಿ, ಗಾಜು ಉಜ್ಜಿ, ಅಕ್ಕಿ ತೊಳೆದಂತೆ ಮರಳು ತೊಳೆದೆ. ಫಿಲ್ಟರಿನ ಸ್ಪಂಜಿಗೆ ಸೋಪಿನ ಪುಡಿ ಹಾಕಿ, ಹಿಂಡಿ, ತಂತಿಯ ಮೇಲೆ ಒಣಹಾಕಿದೆ. ಹೊಸ ಬೋರ್ ನೀರು ತುಂಬಿದೆ. ಫಳಫಳ.

ಮಂಗಳವಾರ ಒಂದು ಮೀನು ಮಗುಚಿಕೊಂಡು ತೇಲುತ್ತಿತ್ತು. ಅಂಗಡಿಯವನು ರೋಗದ ಮೀನು ಕೊಟ್ಟಿದ್ದಾನೆ ಅಂತ ತೀರ್ಪು ಕೊಟ್ಟೆ. ಆ ವಾರ ಕಳೆಯುವುದರೊಳಗೆ ಕಂದು ಮತ್ತೆ ಹಾಜರ್. ಇನ್ನೊಂದು ಭಾನುವಾರ, ಇನ್ನೂ ಜೋರಾಗಿ ಉಜ್ಜಿದೆ. ಇನ್ನೊಂದು ಮೀನು ಹೋಯಿತು. ಈ ಸಲ ಫಿಲ್ಟರು ನಿಲ್ಲಿಸುವ ಕರೆಂಟಿನ ಮೇಲೆ ತಪ್ಪು ಹೊರಿಸಿದೆ. ಮೂರನೇ ಭಾನುವಾರದ ನಂತರ ಪುಟ್ಟಿ ಒಂದೇ ಉಳಿಯಿತು. ಮೂಲೆ ಸೇರಿ, ಬಾಯಿ ತೆರೆದು ತೆರೆದು ಮುಚ್ಚುತ್ತಿತ್ತು. ಬೆರಳಾಡಿಸಿದರೂ ಬರಲಿಲ್ಲ.

"ಗಲೀಜಿದ್ದಾಗ ಮೀನಾದ್ರೂ ಇದ್ವು," ಅಂದಳು ಸುಮಿತ್ರಾ. "ಈಗ ಇಷ್ಟು ಕ್ಲೀನಾಗಿದೆ. ಏನು ನೋಡ್ಲಿ ನಾನು? ನೀರು ನೋಡ್ಲಾ?"

ಕುರ್ಚಿಯನ್ನು ಎತ್ತಿಕೊಂಡು ಹೋಗಿ ಡೈನಿಂಗ್ ಟೇಬಲ್ಲಿಗೆ ಸೇರಿಸಿದಳು. ಮರುದಿನ ಸಂಜೆ ಆ ಕಡೆ ತಲೆಯನ್ನೂ ಹಾಕಲಿಲ್ಲ. ನನಗೆ ನಿಜಕ್ಕೂ ಭಯವಾಯಿತು. ಆ ಒಂದು ಮೀನೂ ಹೋದರೆ ಅವಳು ಇನ್ನೊಂದನ್ನು ತರುವವಳಲ್ಲ. ಅವಳ ಆ ಅರ್ಧ ಗಂಟೆಯೂ ಹೋದ ಹಾಗೆಯೇ.

ಆ ಭಯಕ್ಕೆ ನಾನು ಕಂಡುಕೊಂಡ ಪರಿಹಾರವೇನು ಹೇಳಿ? ನಾಲ್ಕನೇ ಭಾನುವಾರ ಮತ್ತೆ ಬಕೆಟ್ ಹಿಡಿದೆ.

ಅವತ್ತು ಸುಮಿತ್ರಾಳ ತಮ್ಮ ಮಾದೇಶ ಚುಂಚನಕಟ್ಟೆಯಿಂದ ಬಂದಿದ್ದ. ಭತ್ತ ಬೆಳೆಯುವವನು. ನನ್ನ ಅವತಾರ ನೋಡಿ ಬಕೆಟ್ ಕಿತ್ತುಕೊಂಡ.

"ಬುಡಿ ಭಾವ. ಒಸದಾಗಿ ನೀರ್ ಕಟ್ಟುದ್ ಗದ್ದೇಲೂ ಒಂದೊಂದ್ಸಲ ಇಂಗೇ ಕಂದ್‌ಗೆ ಕಟ್ಕತ್ತದೆ. ಆಮೇಲೆ ಅದ್ಕದೇ ಓಯ್ತದೆ. ಅದ್ಕೆ ಅಂತ ಗದ್ದೆ ನೀರ್ ಚೆಲ್ಬುಟ್ಟು ಬ್ರಶ್ ತಕ್ಕಂಡು ಉಜ್ತಾರಾ ಯಾರಾದ್ರೂ?"

"ಗದ್ದೆ ಬೇರೆ, ಅಕ್ವೇರಿಯಂ ಬೇರೆ ಕಣಯ್ಯ. ಇದಕ್ಕೆಲ್ಲ ಸೈನ್ಸ್ ಇದೆ," ಅಂದೆ.

"ಅಂಗಾರೆ ಮೊದ್ಲು ಸೈನ್ಸ್ ನೋಡಿ. ಆಮೇಲೆ ಉಜ್ಜೀರಂತೆ."

(ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನೆಂದು ಹಳೆಯ ಓದುಗರಿಗೆ ಗೊತ್ತು. ಮರೆತಿದ್ದರೆ ಮರೆತೇ ಇರಲಿ ಎಂದು ಇಷ್ಟು ಹೊತ್ತು ಸುಮ್ಮನಿದ್ದೆ.)

ಅವನ ಬಾಯಿ ಮುಚ್ಚಿಸಬೇಕಿತ್ತು. ಸೋಮವಾರ ಆ ಕಂದು ಪುಡಿಯನ್ನು ಕೆರೆದು ಶೀಶೆಯಲ್ಲಿ ತುಂಬಿಕೊಂಡು ಸ್ಕೂಲಿಗೆ ಹೋದೆ. ಬೀರುವಿನಿಂದ ಮೈಕ್ರೋಸ್ಕೋಪ್ ಇಳಿಸಿ, ಧೂಳು ಒರೆಸಿ, ಕಣ್ಣಿಟ್ಟೆ.

ಪುಟ್ಟ ಪುಟ್ಟ ದೋಣಿಗಳು. ಗಾಜಿನ ಕವಚ, ಒಳಗೆ ಹೊಂಬಣ್ಣ, ಮೈತುಂಬ ಬಾಚಣಿಗೆ ಹಲ್ಲಿನಂಥ ಗೆರೆಗಳು. ಅಷ್ಟು ಅಂದವಾದದ್ದನ್ನು ನಾನು ಈಚೆಗೆ ನೋಡಿರಲಿಲ್ಲ. ಡಯಾಟಮ್ ಅನ್ನುವ ಏಕಕೋಶ ಪಾಚಿ! ವರ್ಷವರ್ಷವೂ ಬೋರ್ಡಿನ ಮೇಲೆ ನಾನೇ ಬರೆಯುವ ಚಿತ್ರ. ಗುರುತಿಸದ ಮಕ್ಕಳಿಗೆ ಎರಡು ಮಾರ್ಕ್ಸ್ ಕಟ್ ಮಾಡಿದ್ದೇನೆ. ನನ್ನ ಹಾಲಿನಲ್ಲಿ ತಿಂಗಳಿಂದ ಕೂತಿದ್ದರೂ ನಾನು ಗುರುತಿಸಲಿಲ್ಲ.

ಆಮೇಲೆ ಕೂತು ಓದಿದೆ. ಹೊಸ ತೊಟ್ಟಿಯಲ್ಲಿ ಇದು ಬರುವುದು ಸಹಜ, ಮೀನಿಗೆ ತೊಂದರೆಯಿಲ್ಲ. ನೀರಿನಲ್ಲಿರುವ ಸಿಲಿಕಾ ಇದರ ಊಟ, ಅದು ಮುಗಿದರೆ ಇದೂ ಮುಗಿಯುತ್ತದೆ. ನಾನೋ, ವಾರವಾರ ಹೊಸ ಬೋರ್ ನೀರು ತುಂಬಿ ಉಪಚಾರ ಮಾಡಿ ಬಡಿಸುತ್ತಿದ್ದೆ. ಇನ್ನು ಆ ಸ್ಪಂಜು. ಮೀನಿನ ಹೊಲಸನ್ನು ಕರಗಿಸುವ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಳ್ಳುವುದೇ ಅದರಲ್ಲಿ. ಅವನ್ನು ಸೋಪು ಹಾಕಿ ಕೊಂದದ್ದರಿಂದ ಮೀನುಗಳು ತಮ್ಮದೇ ಹೊಲಸಿನ ವಿಷದಲ್ಲಿ ಸತ್ತಿದ್ದವು. ಅಂದರೆ ಗಾಜು ಫಳಫಳ ಹೊಳೆಯುತ್ತಿದ್ದಾಗಲೇ ನೀರು ಅತ್ಯಂತ ಕೊಳಕಾಗಿತ್ತು.

ಆಮೇಲಿನದು ನನ್ನ ಬದುಕಿನ ಅತಿ ಕಷ್ಟದ ಕೆಲಸ. ಏನೂ ಮಾಡದೆ ಇರುವುದು! ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು. ಲೈಟು ಬೇಗ ಆರಿಸಬೇಕು. ಮೇವು ಚಿಟಿಕೆಯಷ್ಟೇ. ಸ್ಪಂಜಿನ ತಂಟೆಗೆ ಹೋಗಬಾರದು. ಕಂದು ಇನ್ನೂ ದಟ್ಟವಾಯಿತು. ಕೈ ತುರಿಸುತ್ತಿತ್ತು. ಬಂದವರೆಲ್ಲ, "ಏನ್ ಸಾರ್, ತೊಳೆಯಲ್ವಾ?" ಅನ್ನುವರು.

ಹೊಸದನ್ನು ಹೊಸದಾಗಿರಲು ನಾವು ಬಿಡುತ್ತೇವೆಯೇ? ಮದುವೆಯಾದ ಹೊಸದರಲ್ಲಿ ಸುಮಿತ್ರಾಳ ತವರಿನ 'ಅಂಗೆ', 'ಇಂಗೆ', 'ಬುಡು'ಗಳನ್ನೆಲ್ಲ ನಾನು ಕೂತು ತಿದ್ದಿದವನು. ಊಟದ ನಡುವೆ ತಿದ್ದಿದೆ. ನೆಂಟರೆದುರೂ ತಿದ್ದಿದೆ. ಅವಳ ಮಾತು ಚೊಕ್ಕವಾಯಿತು, ಹೌದು. ಆದರೆ ಮಾತೇ ಕಡಿಮೆಯಾಯಿತು. ಅದನ್ನು ಗಾಂಭೀರ್ಯ ಅಂದುಕೊಂಡು ನಾನು ಹೆಮ್ಮೆಪಟ್ಟಿದ್ದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಬಾಯಿಬಿಟ್ಟು ಅವಳಿಗೆ ಹೇಳಿಯೂ ಬಿಟ್ಟೆ. ಅವಳು ಹ್ಞೂಂ ಅಂದಳು, ಅಷ್ಟೆ.

ಉಜ್ಜುವುದು ಬಿಟ್ಟ ಐದನೇ ವಾರಕ್ಕೆ ಕಂದು ತೆಳುವಾಯಿತು. ಏಳನೇ ವಾರ ಇರಲೇ ಇಲ್ಲ. ಪುಟ್ಟಿ ಮೂಲೆ ಬಿಟ್ಟು ಬಂತು. ಕುರ್ಚಿಯೂ ಬಂತು.

ಮೊನ್ನೆ ನಮ್ಮ ಹೆಡ್ಮಾಸ್ಟರು ಮನೆಗೆ ಬಂದರು. ತೊಟ್ಟಿಯ ಮುಂದೆ ನಿಂತು, "ಆಹಾ, ಕನ್ನಡಿ ಥರ ಇಟ್ಟಿದ್ದೀರಲ್ರೀ! ತುಂಬಾ ಕಷ್ಟಪಡ್ತೀರಿ ಅನ್ಸುತ್ತೆ," ಅಂದರು.

ಸುಮ್ಮನಿರಬಹುದಿತ್ತು. "ಹೌದು ಸಾರ್, ಭಾನುವಾರ ಬಂದ್ರೆ ಇದೇ ಕೆಲ್ಸ," ಅಂದೆ.

ಸುಮಿತ್ರಾ ಕಾಫಿ ಲೋಟವನ್ನು ಅವರ ಕೈಗಿಟ್ಟಳು. "ಇವ್ರ ಕಷ್ಟ ಗೊತ್ತಾಗ್ಬೇಕು ಅಂದ್ರೆ ಇರೋ ಒಂದ್ ಮೀನ್ನ ಕೇಳ್ಬ್ಯಾಡಿ ಸಾರ್, ಓಗಿರೋ ಮೂರ್ನ ಕೇಳಿ."