ಹಚ್ಚದ ಹಣತೆ

ದೆವ್ವ, ಪವಾಡ ಎಂದು ಯಾರಾದರೂ ಶುರು ಮಾಡಿದರೆ, "ಬಿಪಿ ಮಾತ್ರೆ ತಗೊಂಡ್ರಾ?" ಎಂದು ಬಾಯಿ ಮುಚ್ಚಿಸುತ್ತಿದ್ದವಳು ನಾನು. ಈಗ ನಾನೇ ಹೇಳಹೊರಟಿದ್ದೇನೆ. ನಗುವವರು ನಗಲಿ.

ನಮ್ಮ ಯಜಮಾನರು ತೀರಿಕೊಂಡದ್ದು ನಂಜನಗೂಡಿನ ಹಳೇ ಆಸ್ಪತ್ರೆಯೊಂದರಲ್ಲಿ, ಬೇವಿನ ಮರದ ಕಡೆಯ ಕಿಟಕಿ ಪಕ್ಕದ ಮಂಚದ ಮೇಲೆ. ಜೀವ ಹೋದ ಜಾಗದಲ್ಲಿ ದೀಪ ಇಡುವುದು ನಮ್ಮ ಪದ್ಧತಿ. ಹಣತೆ ತೆಗೆದರೆ ನರ್ಸ್ ಗದರಿದರು. ಪಕ್ಕದಲ್ಲೇ ಆಕ್ಸಿಜನ್ ಸಿಲಿಂಡರ್ ಇತ್ತು, ಅವರ ತಪ್ಪೇನಿಲ್ಲ. ಮನೆಯಲ್ಲಿ ಫೋಟೊ ಮುಂದೆ ಹಚ್ಚಿದೆವು. ನಮ್ಮತ್ತೆ ಮಾತ್ರ ಕೊನೆಯವರೆಗೂ, "ನನ್ನ ಮಗ ಕತ್ತಲಲ್ಲೇ ಹೋದ ಕಣೇ" ಎನ್ನುತ್ತಿದ್ದರು. ಅವರು ಹೋದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ.

ಆಮೇಲೆ ಆಸ್ಪತ್ರೆ ಮುಚ್ಚಿ ಕೆಡವಿದರು. ಈಗ ಅಲ್ಲಿ ಕೆಳಗೆ ಅಂಗಡಿಗಳು, ನಡುವೆ ಆಫೀಸುಗಳು, ಮೇಲೆ ಫ್ಲ್ಯಾಟುಗಳು. ಎದೆನೋವು ಬಂದರೆ ಮೈಸೂರಿಗೆ ಓಡಬೇಕು. ಪಿಜ್ಜಾ ಮಾತ್ರ ಮೆಟ್ಟಿಲಿಳಿದರೆ ಸಿಗುತ್ತದೆ. ಊರು ಉದ್ಧಾರವಾಯಿತಂತೆ! ಪಾರ್ಕಿಂಗಿನಲ್ಲಿ ಆ ಬೇವಿನ ಮರವನ್ನು ಉಳಿಸಿದ್ದಾರೆ. ಅದರ ಗುರುತಿನಿಂದ ನೋಡಿದರೆ, ಯಜಮಾನರ ಮಂಚ ಇದ್ದಲ್ಲಿ ಮೊಬೈಲ್ ಅಂಗಡಿ.

ಹೋದ ವರ್ಷ ಅವರ ತಿಥಿ ಮುಗಿದ ಮಾರನೇ ದಿನ ಅಲ್ಲಿಗೆ ಹೋದೆ. ಚೀಲದಲ್ಲಿ ಹೊಸ ಹಣತೆ, ನಾನೇ ಹೊಸೆದ ಬತ್ತಿ, ಎಣ್ಣೆ ಸೀಸೆ, ಬೆಂಕಿಪೊಟ್ಟಣ. ಅಂಗಡಿಯವನು ಬಿಳಿಗೆರೆ ಕಡೆಯವನು. ನಾನು ಹೇಳಿದ್ದನ್ನೆಲ್ಲ ಕೇಳಿ ಕೈಮುಗಿದ.

"ತಪ್ಪು ತಿಳ್ಕಬ್ಯಾಡಿ ಕಣಮ್ಮ. ಮೇಲೆ ಅಲಾರಾಂ ಐತೆ. ಒಸಿ ಹೊಗೆ ಆದ್ರೂ ಇಡೀ ಬಿಲ್ಡಿಂಗೇ ಬಡ್ಕತ್ತದೆ."

ಬತ್ತಿ ಹಾಕಿದ ಹಣತೆಯನ್ನು ಕೌಂಟರಿನ ಪಕ್ಕ ನೆಲದ ಮೇಲೆ ಸ್ವಲ್ಪ ಹೊತ್ತು ಹಾಗೇ ಇಟ್ಟೆ. ಎಣ್ಣೆ ಹಾಕಲಿಲ್ಲ, ಹಚ್ಚಲಿಲ್ಲ. ಎತ್ತಿ ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು.

ನಾನಿರುವುದು ನರಸೀಪುರದಲ್ಲಿ, ಮಗಳ ಮನೆಯಲ್ಲಿ. ಬಸ್ಸಿನುದ್ದಕ್ಕೂ ಚೀಲ ನನ್ನ ಮಡಿಲಲ್ಲೇ ಇತ್ತು. ಮನೆಗೆ ಬಂದು ತೆಗೆದರೆ ಬತ್ತಿ ಉರಿದು ಕರಕಲಾಗಿದೆ, ಹಣತೆಯ ಮೂತಿಗೆ ಮಸಿ ಹತ್ತಿದೆ. ಎಣ್ಣೆ ಸೀಸೆಯ ಮುಚ್ಚಳ ತೆಗೆದಿರಲಿಲ್ಲ. ಬೆಂಕಿಪೊಟ್ಟಣದ ಮೇಲಿನ ಕಾಗದವನ್ನೂ ಹರಿದಿರಲಿಲ್ಲ.

ಹಣತೆ ಮಾರಿದವರು ಬಳಸಿದ್ದನ್ನೇ ಕೊಟ್ಟಿರಬೇಕು ಎಂದಳು ಮಗಳು. ಹಣತೆ ಹಾಗಿರಬಹುದು, ಬತ್ತಿ? ಅತ್ತೆ ಇದ್ದಿದ್ದರೆ ಮಗನಿಗೆ ಬೆಳಕು ಸಿಕ್ಕಿತು ಎಂದು ಸಮಾಧಾನಪಡುತ್ತಿದ್ದರೇನೋ. ನನಗೆ ಅದೂ ಆಗಲಿಲ್ಲ. ಯಾರು ಹಚ್ಚಿದರೋ ಇವತ್ತಿಗೂ ಗೊತ್ತಿಲ್ಲ. ಹಚ್ಚಬೇಕಾದವಳು ನಾನು. ನನಗೆ ಮಾತ್ರ ಎರಡು ಸಲವೂ ಬಿಡಲಿಲ್ಲ.