ಧಾರಾವಾಹಿ ನೋಡಿದ ನ್ಯಾಯಮೂರ್ತಿಗಳು

ತೆಲುಗು ರಾಜಧಾನಿಯ ಕೋಠಿ ಪೇಟೆಯಲ್ಲಿ ಕಾಗದಪತ್ರ ಅನುವಾದಿಸಿ ಹೊಟ್ಟೆ ಹೊರೆಯುವ ನನಗೆ ನ್ಯಾಯಮೂರ್ತಿಗಳೆಂದರೆ ಒಂದಿಷ್ಟು ಭಯಭಕ್ತಿ ಇತ್ತು. ವಿಚಾರಣೆಯಿಲ್ಲದ ಬಂಧನ ಸರಿಯೇ ಎಂದು ನೋಡುವ ಸಲಹಾ ಮಂಡಳಿಯ ಮುಂದೆ ನಿಂತ ಒಂದೇ ಬೆಳಿಗ್ಗೆ ಅದೆಲ್ಲ ತೊಳೆದುಹೋಯಿತು.

ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಗೌಂಡಿಯೊಬ್ಬ ಬಾಲಾನಗರದಲ್ಲಿ ಗುಡಿಸಲು ಕೀಳಲು ಬಂದವರ ಮೇಲೆ ಕೂಗಾಡಿದ್ದ. ಅಷ್ಟಕ್ಕೇ ಗೂಂಡಾ ಎಂದು ಹಣೆಪಟ್ಟಿ ಹಚ್ಚಿ, ವಿಚಾರಣೆಯಿಲ್ಲದೆ ಒಂದು ವರ್ಷ ಒಳಗಿಡಲು ಆದೇಶ ಹೊರಡಿಸಿದ್ದರು. ಬಂಧನದ ಕಾರಣಗಳನ್ನು ಅವನು ಓದಬಲ್ಲ ಭಾಷೆಯಲ್ಲೇ ಕೊಡಬೇಕು, ಇಲ್ಲದಿದ್ದರೆ ಆದೇಶ ನಿಲ್ಲುವುದಿಲ್ಲ. ಕೊಟ್ಟದ್ದು ತೆಲುಗಿನಲ್ಲಿ, ಅವನಿಗೆ ಓದಲು ಬರುವುದು ಕನ್ನಡವೊಂದೇ. ‘ಬಿಡುಗಡೆ ಖಂಡಿತ’ ಎಂದು ಅವನ ಹೆಂಡತಿಗೆ ನಾನೇ ಹೇಳಿದ್ದೆ. ವಕೀಲರಿಗೆ ಮಂಡಳಿಯ ಮುಂದೆ ಪ್ರವೇಶವಿಲ್ಲದ್ದರಿಂದ ಸ್ನೇಹಿತನೆಂದು ನಾನು ಒಳಗೆ ಹೋದೆ. ಅವಳು ಬಾಗಿಲ ಹೊರಗೆ ನಿಂತಳು.

ಒಳಗೆ ಮೂವರು ನಿವೃತ್ತ ನ್ಯಾಯಮೂರ್ತಿಗಳು ಟಿವಿ ಧಾರಾವಾಹಿಯೊಂದರ ಮೇಲೆ ವಾದಕ್ಕಿಳಿದಿದ್ದರು. ಅದರಲ್ಲಿ ಅಧಿಕಾರಿಯೊಬ್ಬ ಬರೀ ಅನುಮಾನದ ಮೇಲೆ ಒಬ್ಬ ಮೇಷ್ಟ್ರನ್ನು ಕೂಡಿಹಾಕುತ್ತಾನಂತೆ. ಹಾಗೆ ಮಾಡದಿದ್ದರೆ ರೈಲು ಸುಟ್ಟುಹೋಗುತ್ತಿತ್ತಲ್ಲ ಎಂದು ಒಬ್ಬರು ಮೇಜು ಕುಟ್ಟಿದರು. ಪಾಪ, ಆ ಮೇಷ್ಟ್ರ ಸ್ವಾತಂತ್ರ್ಯದ ಗತಿಯೇನು ಎಂದು ಇನ್ನೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮುಂದಿನ ಕಂತು ನೋಡದೆ ತೀರ್ಮಾನಕ್ಕೆ ಬರಬಾರದು ಎಂದರು ಮೂರನೆಯವರು. ಎಲಾ ಇವರ! ಇಲ್ಲದ ಮೇಷ್ಟ್ರಿಗೆ ಇಷ್ಟು ಮರುಗುವವರಿಗೆ ಎದುರಿಗೇ ಪೊಲೀಸರ ನಡುವೆ ನಿಂತ ಗೌಂಡಿ ಕಾಣಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನಗೆ ಮೈಯೆಲ್ಲ ಉರಿದುಹೋಯಿತು.

ಚಹಾ ಮುಗಿದ ಮೇಲೆ ಒಬ್ಬರಿಗೆ ಗೌಂಡಿಯ ನೆನಪಾಯಿತು. “ತೆಲುಗು ವಚ್ಚಾ?” ಎಂದು, ತೆಲುಗು ಬರುತ್ತದೆಯೇ ಎಂದು ಕೇಳಿದರು.

ತೆಲುಗು ಬರುವುದಿಲ್ಲ ಎಂದವನಿಗೆ ಈ ಊರಿನಲ್ಲಿ ಕೂಲಿಯಾಳುಗಳು ಕೆಲಸಕ್ಕೆ ಕಾದು ನಿಲ್ಲುವ ಅಡ್ಡಾದಲ್ಲಿ ಕೆಲಸ ಸಿಗುವುದಿಲ್ಲ. ಹತ್ತು ವರ್ಷ ಪ್ರತಿ ಬೆಳಿಗ್ಗೆ ಹೇಳಿ ರೂಢಿಯಾದ, ಚೆನ್ನಾಗಿ ಬರುತ್ತದೆ ಎಂಬ ಉತ್ತರವನ್ನೇ ಅವನು ಎದೆಯುಬ್ಬಿಸಿ ಹೇಳಿದ: “ವಚ್ಚು ಸಾರ್, ಬಾಗಾ ವಚ್ಚು!”

“ಮಾತಾಡುತ್ತಾನೆ ಸ್ವಾಮಿ, ಓದಲು ಬರುವುದಿಲ್ಲ” ಎಂದು ನಾನು ಕೂಗಿದೆ. ಕೇಳದೆ ಬಾಯಿ ಹಾಕಬೇಡ ಎಂದು ಗದರಿಸಿ, ತೆಲುಗು ಬಲ್ಲ, ಬಂಧನಕ್ಕೆ ಸಾಕಷ್ಟು ಕಾರಣವಿದೆ ಎಂದು ಬರೆದು ಕಡತ ಮುಚ್ಚಿದರು. ಎರಡು ನಿಮಿಷವೂ ಹಿಡಿಯಲಿಲ್ಲ. ಥೂ, ಇವರ ನ್ಯಾಯಕ್ಕಿಷ್ಟು ಬೆಂಕಿ ಹಾಕ!

ಪೊಲೀಸರು ಹೊರಗೆ ಕರೆತಂದಾಗ ಅವನ ಮುಖ ಅರಳಿತ್ತು. “ಸಾಹೇಬ್ರ ಮುಂದ ಭಾಳ ಛಲೋ ಮಾತಾಡೀನಿ, ಒಂದೂ ತಪ್ಪಲಿಲ್ಲ” ಎಂದು ಹೆಂಡತಿಗೆ ಹೇಳುತ್ತಲೇ ವ್ಯಾನು ಹತ್ತಿದ.

ಅವಳು ನಗುತ್ತ ನನ್ನ ಕಡೆ ತಿರುಗಿದಳು. “ಹಂಗಾರ ಇವತ್ತ ಬಿಡ್ತಾರಲ್ರಿ? ನಾ ಇಲ್ಲೇ ಕುಂದರ್ತೀನಿ.”